ಅಳಿಲಿನ ಪಾಲಾದ ಶಾಲು

ಸೋಫಾ, ಕುರ್ಚಿಗಳ ಮೆತ್ತೆ ಬದಲಿಸಿ ಹೊಸ ಬಟ್ಟೆ ಹೊದಿಸುವುದು ನನ್ನ ಕಸುಬು. ಊರವರ ಕುರ್ಚಿಗಳೆಲ್ಲ ನನ್ನ ಕೈಯಲ್ಲಿ ಹೊಸದಾದವು. ತೀರಿಕೊಂಡ ಅಮ್ಮನ ಕುರ್ಚಿ ಮಾತ್ರ ಹಿತ್ತಿಲ ಜಗಲಿಯಲ್ಲಿ ಹರಕು ಮೈ ಬಿಟ್ಟುಕೊಂಡು ಕೂತಿತ್ತು. ಇವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಶಾಲಂತೂ ನಿನ್ನ ಹೆಂಡ್ತಿ ಪಾಲಾಯ್ತು. ಕುರ್ಚಿನಾದ್ರೂ ನಂಗೆ ಕೊಡು. ಸಂಜೆ ಬಂದು ತಗೊಂಡು ಹೋಗ್ತೀನಿ."

ಅಮ್ಮ ಹೆಣೆದಿದ್ದ ಹಸಿರು ಉಣ್ಣೆಯ ಶಾಲು ಅವಳು ತೀರಿಕೊಂಡ ಮೇಲೆ ಕಾಣೆಯಾಗಿತ್ತು. ಹೆಂಡತಿ ಬಚ್ಚಿಟ್ಟಿದ್ದಾಳೆಂದು ಅಕ್ಕ, ಅಕ್ಕ ಒಯ್ದಿದ್ದಾಳೆಂದು ಹೆಂಡತಿ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಅಡಕತ್ತರಿಯಲ್ಲಿ ಸಿಕ್ಕವನು ನಾನು. ಕುರ್ಚಿಯೂ ಹೋದರೆ ಅಕ್ಕನಿಗೆ ಈ ಮನೆಗೆ ಬರಲು ನೆಪವೇ ಉಳಿಯುವುದಿಲ್ಲವೆಂದು ನನಗೆ ಭಯವಾಗಿತ್ತು.

ಸಂಜೆ ಕುರ್ಚಿಯನ್ನು ಜಗಲಿಯಲ್ಲೇ ಬೋರಲು ಹಾಕಿ ಅಡಿಯ ಬಟ್ಟೆ ಬಿಚ್ಚಿದೆ. ನಾರಿನ ನಡುವೆ ಹಸಿರು ಉಣ್ಣೆಯ ಗೂಡು, ಅದರೊಳಗೆ ಕಣ್ಣು ಬಿಡದ ಅಳಿಲು ಮರಿಗಳು. ಕುರ್ಚಿಯ ಮೇಲೆ ಉಳಿದುಹೋಗಿದ್ದ ಶಾಲನ್ನು ತಾಯಿ ಅಳಿಲು ಎಳೆ ಎಳೆಯಾಗಿ ಹರಿದು ಹಾಸಿಗೆ ಮಾಡಿಕೊಂಡಿತ್ತು. ಅಷ್ಟರಲ್ಲಿ ಅಕ್ಕ ಬಂದಳು. ಹೆಂಡತಿಯೂ ಅಡುಗೆಮನೆಯಿಂದ ಬಂದು ಇಣುಕಿದಳು. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಸುಮ್ನಿರಿ. ಗಲಾಟೆ ಮಾಡಿದ್ರೆ ತಾಯಿ ಬರಲ್ಲ," ಎಂದೆ.

ಜನ್ಮದಲ್ಲಿ ಮೊದಲ ಸಲ ಇಬ್ಬರೂ ನನ್ನ ಮಾತು ಕೇಳಿದರು. ಮೂವರೂ ಬಾಗಿಲ ಬಳಿ ನೆಲದ ಮೇಲೆ ಕೂತೆವು.

ತಾಯಿ ಗೋಡೆಯ ತುದಿಯಲ್ಲಿ ಬಾಲ ಕುಣಿಸುತ್ತ ನಮ್ಮನ್ನು ಚೆನ್ನಾಗಿ ಬೈದಿತು. ನಾವು ಮಿಸುಕದ್ದನ್ನು ಕಂಡು, ಹಿಂಗಾಲಿನ ಪಾದಗಳನ್ನು ಹಿಂದಕ್ಕೆ ತಿರುಗಿಸಿ ಉಗುರೂರುತ್ತ, ತಲೆ ಕೆಳಗಾಗಿ ಇಳಿದು ಬಂತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿತು. ಮರಿ ತಾಯಿಯ ಕುತ್ತಿಗೆಗೆ ಸುತ್ತಿಕೊಂಡಿತು. ಹಿತ್ತಿಲ ಮರದ ಪೊಟರೆಯಲ್ಲಿ ಇನ್ನೊಂದು ಗೂಡು ಮೊದಲೇ ತಯಾರಿತ್ತು, ಅಲ್ಲಿಗೆ ಒಯ್ದಿತು. ಹೀಗೆ ಎಲ್ಲವನ್ನೂ ಸಾಗಿಸಿದ ಮೇಲೂ ಮತ್ತೆ ಬಂದು ಗೂಡಿಗೆ ಮೂತಿ ತೂರಿ ನೋಡಿತು. ಯಾರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಉಣ್ಣೆಯನ್ನು ಬಾಯಿಗೆ ತುರುಕಿಕೊಳ್ಳತೊಡಗಿತು.

ಹೆಂಡತಿ ತಡೆಯಲು ಕೈ ಎತ್ತಿದಳು. ಅಕ್ಕ ಆ ಕೈ ಹಿಡಿದುಕೊಂಡಳು.

"ಬಿಡೇ, ಒಯ್ಲಿ. ಮರಿಗಳಿಗೆ ಚಳಿ ಆಗುತ್ತೆ."

ಅಳಿಲು ಹೋದರೂ ಅಕ್ಕ ಕೈ ಬಿಡಲಿಲ್ಲ.

"ಟೀ ಇಡ್ಲಾ ಅತ್ತಿಗೆ?" ಹೆಂಡತಿ ಮೆಲ್ಲಗೆ ಕೇಳಿದಳು.

"ಅದನ್ನೂ ಕೇಳ್ತಾರಾ? ಸಕ್ಕರೆ ಜಾಸ್ತಿ ಹಾಕು."

ನಾನು ಕುರ್ಚಿಯನ್ನು ಎತ್ತಿ ನಿಲ್ಲಿಸಿ, "ಕುರ್ಚಿ ರಿಪೇರಿ ಮಾಡಿ ನಾಳೆ ಕಳಿಸ್ತೀನಿ ಅಕ್ಕ," ಎಂದೆ.

"ರಿಪೇರಿ ಮಾಡು. ಆದ್ರೆ ಇಲ್ಲೇ ಇರ್ಲಿ," ಎಂದಳು ಅಕ್ಕ. "ಕೂತ್ಕೊಳ್ಳೋಕೆ ನಾನೇ ಬರ್ತೀನಿ."