ಮರಳಿದವರ ಪಟ್ಟಿ

"ಹೋದವರನ್ನ ವಾಪಸ್ ಕರೆಸೋದು ಸುಲಭ. ಹೊಸಬರನ್ನ ಹುಡುಕೋದೇ ಕಷ್ಟ."

 ನೋಟ್‌ಬುಕ್ ಹಿಡಿದು ಕೂತಿದ್ದ ಅವಳ ಪಕ್ಕದಲ್ಲಿ ಮೈದುನ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡ. ಮೂಲೆಯಲ್ಲಿ ಪರದೆಯ ಅಂಚು ಮಡಿಚಿ ಹೊಲಿಯುತ್ತಿದ್ದ ಅತ್ತೆ ಸೂಜಿ ನಿಲ್ಲಿಸಿ, ಮತ್ತೆ ಶುರುಮಾಡಿದರು. ಹೇಳಿದವನಿಗೆ ತಾನು ಯಾರ ಮುಂದೆ ಏನು ಹೇಳಿದೆನೆಂಬುದು ತಿಳಿಯುವ ಹಾಗಿರಲಿಲ್ಲ. ಅವನು ಗ್ರಾಹಕರ ವಿಷಯ ಹೇಳುತ್ತಿದ್ದ.

ಸಣ್ಣ ಅಂಗಡಿಗಳ ವೆಬ್‌ಸೈಟಿಗೆ ಜನ ಬರುವಂತೆ ಮಾಡುವುದು ಹೇಗೆಂದು ಹೇಳಿಕೊಡುವುದು ಅವನ ಕಸುಬು. ವಯಸ್ಸು ಇಪ್ಪತ್ತೈದು ದಾಟಿರಲಾರದು. ಮೈದುನ ಅವನನ್ನು 'ಮೇಷ್ಟ್ರೇ' ಎಂದು ಕರೆಯುತ್ತಿದ್ದ. ಪರದೆ ಅಂಗಡಿಯ ಮೇಲಿನ ಈ ಕೋಣೆಗೆ ಬಂದು ಒಂದು ಗಂಟೆಯಾಗಿತ್ತು. ಅಷ್ಟರಲ್ಲಿ ಮೂರು ಲೋಟ ನೀರು ಕುಡಿದಿದ್ದ, ಮೊದಲ ಪಾಠಗಳನ್ನು ಮುಗಿಸಿದ್ದ. ವೆಬ್‌ಸೈಟ್ ಮಾಡಿಟ್ಟ ಮಾತ್ರಕ್ಕೆ ಯಾರೂ ಬರುವುದಿಲ್ಲ. ಹುಡುಕುವವರು ಆಡುವ ಮಾತನ್ನೇ ನೀವೂ ಆಡಬೇಕು. 'ಗೃಹಾಲಂಕಾರ ವಸ್ತ್ರ' ಎಂದು ಯಾರೂ ಹುಡುಕುವುದಿಲ್ಲ, 'ಬಿಸಿಲು ತಡೆಯುವ ಕರ್ಟನ್' ಎಂದು ಹುಡುಕುತ್ತಾರೆ. ಬಂದವರ ಇ-ಮೇಲ್ ಕೇಳಿಟ್ಟುಕೊಳ್ಳಬೇಕು. ಕೇಳಿಟ್ಟುಕೊಂಡ ಮೇಲೆ ಬಿಡಬಾರದು.

'ಗೃಹಾಲಂಕಾರ ವಸ್ತ್ರ' ಎಂದು ಬರೆದವಳು ಅವಳೇ. ತಪ್ಪನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದಿದವಳು, ಎದುರಿಗೆ ಯಾರಾದರೂ ಪಾಠ ಹೇಳಿದರೆ ಕೈ ತಾನಾಗಿ ಬರೆಯುತ್ತಿತ್ತು. ಮನಸ್ಸು ಬೇಕಾಗಿರಲಿಲ್ಲ. ಗಂಡ ಗ್ರಾಹಕರೊಬ್ಬರ ಮನೆಯಲ್ಲಿ ಪರದೆಯ ಕಂಬಿ ಕೂರಿಸುವಾಗ ಏಣಿಯಿಂದ ಬಿದ್ದು ಸತ್ತು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅವಳ ಬಹಳಷ್ಟು ಕೆಲಸಗಳು ಹೀಗೇ ನಡೆಯುತ್ತಿದ್ದವು.

"ಅಣ್ಣ ಇ-ಮೇಲ್ ಕಳಿಸ್ತಿದ್ದ, ಮೇಷ್ಟ್ರೇ," ಎಂದ ಮೈದುನ. "ಆಮೇಲೆ ಯಾರೂ ಕೈ ಹಾಕಿಲ್ಲ."

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡೋಣ. ಹಳಬರನ್ನ ಎಬ್ಬಿಸೋಣ."

"ಮಾಡಿ, ಮಾಡಿ. ಎಲ್ಲಾ ಅಂಗಡಿ ಸುತ್ತಿ ಬರ್ತಾರೆ. ಕೊನೆಗೆ ಹಳೇ ಗಂಡನ ಪಾದವೇ ಗತಿ."

ಹೇಳಿ ಮುಗಿಸಿದ ಮೇಲೆ ಮೈದುನ ನಾಲಿಗೆ ಕಚ್ಚಿಕೊಂಡ. ಅತ್ತೆ ತಲೆ ಎತ್ತದೆ, "ನಿನ್ನ ಬಾಯಿಗೂ ಒಂದು ಹೊಲಿಗೆ ಹಾಕ್ತೀನಿ ಇರು," ಎಂದರು. ಅವಳು ನೋಟ್‌ಬುಕ್ಕಿನ ಹಾಳೆ ತಿರುವಿದಳು.

ಇ-ಮೇಲ್ ಖಾತೆ ತೆರೆಯಲು ಬೇಕಾದ ಒಟಿಪಿ ಅವಳ ಫೋನಿಗೆ ಬಂತು. ಗಂಡ ಹಾಗೆ ಮಾಡಿಟ್ಟಿದ್ದ. ಅದಕ್ಕಾಗಿಯೇ ಅವಳನ್ನು ಇವತ್ತು ಕೂರಿಸಿಕೊಂಡಿದ್ದರು. ತನ್ನ ಫೋನ್ ನಂಬರನ್ನೇ ಕೊಟ್ಟಿದ್ದನಲ್ಲ ಎಂದು ಅವಳು ಹಿಂದೊಮ್ಮೆ ಸುಖಪಟ್ಟಿದ್ದಳು. ಆರು ಅಂಕಿಗಳನ್ನು ಓದಿ ಹೇಳಿದಳು.

ಮೇಷ್ಟ್ರು ಕಂಪ್ಯೂಟರಿನ ಪರದೆಯ ಮೇಲೆ ಎರಡು ಪಟ್ಟಿಗಳನ್ನು ತೆರೆದ. 'ಬಾರದವರು' ಒಂದು, 'ಮರಳಿದವರು' ಇನ್ನೊಂದು. ಹೆಸರಿಟ್ಟದ್ದು ಗಂಡ.

"ಪರವಾಗಿಲ್ಲ, ನಿಮ್ಮಣ್ಣ ಪಾಠ ಕಲಿತವರೇ," ಎಂದ. "ನೋಡಿ, ಎರಡು ಪತ್ರ ಬರೆದಿದ್ದಾರೆ. ಮೂರು ತಿಂಗಳಿಂದ ಬಾರದೇ ಇದ್ದವರಲ್ಲಿ ನೂರು ಜನಕ್ಕೆ ಮೊದಲನೇದು, ಇನ್ನೊಂದು ನೂರು ಜನಕ್ಕೆ ಎರಡನೇದು. ಯಾವುದಕ್ಕೆ ಜಾಸ್ತಿ ಜನ ವಾಪಸ್ ಬರ್ತಾರೋ ಅದನ್ನ ಉಳಿದವರಿಗೆಲ್ಲ ಕಳಿಸೋದು. ಇದಕ್ಕೆ ಎರಡರ ಪರೀಕ್ಷೆ ಅಂತೀವಿ."

ಮೊದಲನೆಯದರಲ್ಲಿ ಡಿಸ್ಕೌಂಟಿನ ಮಾತಿತ್ತು. ಅದಕ್ಕೆ ಏಳು ಜನ ಬಂದಿದ್ದರು. ಎರಡನೆಯದಕ್ಕೆ ಹನ್ನೆರಡು. ಮೇಷ್ಟ್ರು ಎರಡನೆಯದನ್ನು ಗಟ್ಟಿಯಾಗಿ ಓದಿದ.

"ನೀವು ಬಂದು ಬಹಳ ದಿನವಾಯಿತು. ಮುನಿಸಿದ್ದರೆ ತಪ್ಪು ನನ್ನದೇ ಇರಬೇಕು. ನೀವು ನಿಂತಿದ್ದ ಜಾಗದಲ್ಲಿ ಈಗಲೂ ಬೆಳಿಗ್ಗೆ ಹತ್ತರ ಬಿಸಿಲು ಬೀಳುತ್ತದೆ, ಯಾರೂ ಇರುವುದಿಲ್ಲ. ಏನೂ ಕೇಳುವುದಿಲ್ಲ. ಬನ್ನಿ, ಸಾಕು. ಇಂತಿ, ನಿಮ್ಮ ಕಿಟಕಿಯವನು."

ಓದುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ.

ಅವಳ ಕೈ ಬರೆಯುತ್ತಲೇ ಇತ್ತು. 'ಬೆಳಿಗ್ಗೆ ಹತ್ತರ' ಎನ್ನುವಷ್ಟರಲ್ಲಿ ಅದು ಓದುವವನಿಗಿಂತ ಮುಂದೆ ಹೋಗಿತ್ತು. ಅವನು 'ಬನ್ನಿ' ಎನ್ನುವ ಮೊದಲೇ 'ಬಾ, ಸಾಕು' ಎಂದು ಬರೆದು ಮುಗಿಸಿತ್ತು.

ಆರು ವರ್ಷಗಳ ಹಿಂದೆ ಅವಳು ಈ ಮನೆ ಬಿಟ್ಟು ಹೋಗಿದ್ದಳು. ಬೇರೆ ಊರಿನ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಅಂಗಡಿಗೆ ಜನ ಬೇಕು, ಕಾಲೇಜಿಗೆ ನೀನೇ ಆಗಬೇಕಾ ಎಂದು ಗಂಡ ಕೇಳಿದ್ದ. ಜಗಳವಾಗಿತ್ತು. ಅವಳು ಹೋಗಿ ಮೂರು ತಿಂಗಳು ಪಾಠ ಮಾಡಿದಳು. ಹಿಂದಿನ ಬೆಂಚಿನವರೂ ಬರೆದುಕೊಳ್ಳುವ ಹಾಗೆ ಮಾಡಿದಳು. ಆಮೇಲೆ ಈ ಪತ್ರ ಬಂತು. 'ನೀನು ಬಂದು ಬಹಳ ದಿನವಾಯಿತು.' ಎರಡು ದಿನ ಯೋಚಿಸಿ, ರಾಜೀನಾಮೆ ಕೊಟ್ಟು, ಟ್ರಂಕು ಹಿಡಿದು ಬಂದಳು.

'ಕಿಟಕಿಯವನು' ಅವಳೇ ಇಟ್ಟ ಹೆಸರು. ಮದುವೆಗೆ ಮುಂಚೆ ಅವಳಿದ್ದ ಹಾಸ್ಟೆಲಿನ ಕಿಟಕಿಗಳ ಅಳತೆಗೆ ಬಂದವನು ಅವಳ ಕೋಣೆಯ ಕಿಟಕಿಯನ್ನು ಮೂರು ಸಲ ಅಳೆದಿದ್ದ. ಗೆಳತಿಯರಿಗೂ ಗೊತ್ತಿಲ್ಲದ ಹೆಸರು.

"ಎಷ್ಟು ಜನಕ್ಕೆ ಹೋಗಿದೆ?" ಎಂದು ಕೇಳಿದಳು.

"ಒಟ್ಟು ಆರುನೂರ ಹದಿಮೂರು. ಇಷ್ಟು ಬರೆಯೋಕೆ ಬರೋದಿಲ್ಲ ಎಲ್ಲರಿಗೂ. ಡಿಸ್ಕೌಂಟ್‌ಗಿಂತ ಕರುಳಿಗೆ ಕೈ ಹಾಕೋದು ಮೇಲು ಅಂತ ನಾನು ಎಲ್ಲಾ ಕಡೆ ಹೇಳ್ತೀನಿ. ಉದಾಹರಣೆ ಇರಲಿಲ್ಲ."

ಮೇಷ್ಟ್ರು ಕೆಳಗೆ ಸರಿಸಿದ. "ಅರೆ, ಇವರನ್ನ ನೋಡಿ. ಪತ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಒಂದಿರುತ್ತೆ, ತೆರೆದಾಗಲೆಲ್ಲ ನಮಗೆ ಗೊತ್ತಾಗುತ್ತೆ. ಈ ಗ್ರಾಹಕರು ಮುನ್ನೂರ ಹನ್ನೆರಡು ಸಲ ತೆರೆದಿದ್ದಾರೆ. ಕಳೆದ ವರ್ಷದಿಂದ ಹೆಚ್ಚುಕಮ್ಮಿ ದಿನಾ. ಇಂಥವರು ಒಬ್ಬರಿದ್ದರೆ ಅಂಗಡಿ ಬದುಕ್ತು ಅಂತಲೇ ಲೆಕ್ಕ. ಯಾರಿವರು?"

ಅವಳ ಹಳೆಯ ವಿಶ್ವವಿದ್ಯಾಲಯದ ಇ-ಮೇಲ್ ವಿಳಾಸ. 'ಮರಳಿದವರು' ಪಟ್ಟಿಯಲ್ಲಿ, ಎರಡನೇ ಪತ್ರಕ್ಕೆ ಬಂದವರ ಸಾಲಿನಲ್ಲಿ ಹದಿಮೂರನೆಯದು.

ಮೈದುನ ಕೆಮ್ಮಿದ. "ಅದು ಅಣ್ಣ ಪರೀಕ್ಷೆಗೆ ಅಂತ ಹಾಕ್ಕೊಂಡಿದ್ದ ವಿಳಾಸ ಇರಬೇಕು."

"ಪರೀಕ್ಷೆ ವಿಳಾಸ ತಾನೇ ಎದ್ದು ದಿನಾ ಓದುತ್ತಾ?" ಎಂದ ಮೇಷ್ಟ್ರು.

ಅವನಿಗೆ ಫೋನು ಬಂತು. ಮಾತನಾಡುತ್ತ ಮೆಟ್ಟಿಲಿಳಿದು ಹೋದ.

ಅವಳು ದಿನಾಂಕಗಳನ್ನು ನೋಡಿದಳು. ಪರೀಕ್ಷೆ ಶುರುವಾದದ್ದು ಮೂರನೇ ತಾರೀಖು. ಫಲಿತಾಂಶ ಹತ್ತಕ್ಕೆ. ಅವಳಿಗೆ ಪತ್ರ ಹೋದದ್ದು ಹನ್ನೆರಡಕ್ಕೆ. ಹನ್ನೊಂದರಂದು ಅವನೇನು ಮಾಡುತ್ತಿದ್ದ ಎಂಬ ಪ್ರಶ್ನೆ ಬಂತು. ಭಾನುವಾರವಿರಬೇಕು. ಅಂಗಡಿಗೆ ರಜೆ.

"ನಿಂಗೆ ಗೊತ್ತಿತ್ತಾ?"

"ಯಾವುದು?" ಎಂದ ಮೈದುನ.

"ಯಾವುದೋ."

ಅವನು ಟೇಪನ್ನು ಬಿಚ್ಚಿ ಮತ್ತೆ ಸುತ್ತಿದ. "ಅಣ್ಣ ಎಲ್ಲದಕ್ಕೂ ಮೊದಲು ತುಂಡು ಬಟ್ಟೇಲಿ ಹೊಲಿದು ನೋಡ್ತಿದ್ದ. ನಿಮಗೆ ಗೊತ್ತಲ್ಲ, ಅತ್ತಿಗೆ. ಥಾನಿಗೆ ಕತ್ತರಿ ಹಾಕೋಕೆ ಮುಂಚೆ."

"ಹೂಂ."

"ತಪ್ಪು ತಿಳ್ಕೋಬೇಡಿ. ಕೆಟ್ಟದ್ದಕ್ಕೇನೂ ಅಲ್ಲ. ನೀವು ಬಂದ್ರಲ್ಲ."

ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ನೀನು ಬರ್ತೀಯೋ ಇಲ್ವೋ ಅಂತ ಅವನಿಗೆ ಭಯ ಇತ್ತಮ್ಮ. ಎರಡನ್ನೂ ನನ್ನ ಮುಂದೆ ಓದಿದ. ಮೊದಲನೇದು ಬರೀ ವ್ಯಾಪಾರ, ಎರಡನೇದು ಚೆನ್ನಾಗಿದೆ, ಓದಿದರೆ ಕಲ್ಲಾದ್ರೂ ಎದ್ದು ಬರುತ್ತೆ ಅಂದೆ. ನನ್ನ ಮಾತು ಎಲ್ಲಿ ಕೇಳ್ತಾನೆ? ಜನಕ್ಕೆ ಕಳಿಸಿ ನೋಡ್ತೀನಿ ಅಂದ."

"ಆಮೇಲೆ?"

"ಆಮೇಲೆ ಏನು. ಹನ್ನೆರಡು ಜನ ಬಂದ್ರು ಅಂತ ಕುಣಿದ. ನೀನೂ ಬಂದೆ. ಹದಿಮೂರು."

ಅವರ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. ಮಗನ ಬುದ್ಧಿವಂತಿಕೆಯನ್ನು ಸೊಸೆಗೆ ಹೇಳುತ್ತಿರುವ ಸಣ್ಣ ಹೆಮ್ಮೆ ಇತ್ತು. ಆರು ವರ್ಷ ಈ ಕೋಣೆಯಲ್ಲಿ ಮೂವರೂ ಒಟ್ಟಿಗೆ ಕೂತು ಬಟ್ಟೆ ಮಡಿಸಿದ್ದರು. ಒಬ್ಬರಿಗಾದರೂ ಹೇಳಬೇಕೆನಿಸಲಿಲ್ಲ ಎಂದು ಅವಳು ಯೋಚಿಸಿದಳು. ಹೇಳಲು ಅದು ಅವರಿಗೆ ವಿಷಯವೇ ಆಗಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬದಲಿಗೆ ಕೈ ಲೆಕ್ಕ ಹಾಕತೊಡಗಿತು. ನೂರಕ್ಕೆ ಏಳು, ನೂರಕ್ಕೆ ಹನ್ನೆರಡು. ವ್ಯತ್ಯಾಸ ಐದು. ವರ್ಗಮೂಲ ತೆಗೆದು, ಭಾಗಿಸಿ, ಅಡಿಯಲ್ಲಿ ಗೆರೆ ಎಳೆದಳು. ಒಂದು ಪಾಯಿಂಟ್ ಎರಡು. ಸಾಲದು. ಎರಡರ ಹತ್ತಿರವಾದರೂ ಬರಬೇಕಿತ್ತು. ಇಷ್ಟು ಸಣ್ಣ ಪರೀಕ್ಷೆಯಲ್ಲಿ ಇಂಥ ವ್ಯತ್ಯಾಸ ಆಕಸ್ಮಿಕವಾಗಿಯೂ ಬರುತ್ತದೆ. ಎರಡನೆಯ ಪತ್ರ ಮೇಲೆಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಅವನು ಕೇಳಿದ್ದರೆ ಅವಳೇ ಹೇಳುತ್ತಿದ್ದಳು, ಇನ್ನೂ ಐನೂರು ಜನಕ್ಕೆ ಕಳಿಸಿ ನೋಡು ಎಂದು.

ಡಿಸ್ಕೌಂಟಿನ ಪತ್ರ ಬಂದಿದ್ದರೂ ತಾನು ಬರುತ್ತಿದ್ದೆನೇ? ಈ ಪ್ರಶ್ನೆಯನ್ನು ಅವಳು ಬರೆಯಲಿಲ್ಲ.

ಮೇಷ್ಟ್ರು ಮೇಲೆ ಬಂದ. "ಸರಿ, ಕಳಿಸೋಣ್ವಾ? 'ಬಾರದವರು' ಪಟ್ಟಿಗೆ. ನಾನೂರ ಎಂಬತ್ತು ಜನ ಇದ್ದಾರೆ. ಸಹಿ ಮಾತ್ರ ಬದಲಾಯಿಸಬೇಕಲ್ವಾ?"

"ಬೇಡ," ಎಂದರು ಅತ್ತೆ. "ಅವನ ಹೆಸರಲ್ಲೇ ಹೋಗಲಿ. ಜನ ಅವನ ಮುಖ ನೋಡಿ ಬರ್ತಿದ್ದಿದ್ದು."

"ಅಮ್ಮಾ, ಅದು ಹೆಸರಲ್ಲ. ಕಿಟಕಿಯವನು ಅಂದ್ರೆ ನಾನೂ ಆಗ್ತೀನಿ, ಈ ಮೇಷ್ಟ್ರೂ ಆಗ್ತಾರೆ," ಎಂದ ಮೈದುನ.

"ಅತ್ತಿಗೆಯವರು ಏನಂತಾರೆ?" ಮೇಷ್ಟ್ರು ಕೇಳಿದ.

ಮೂವರೂ ಅವಳತ್ತ ನೋಡಿದರು. ಬೇಡವೆಂದರೆ ಇವತ್ತು ಇದು ನಿಲ್ಲುತ್ತಿತ್ತು. ಬೇಡವೆನ್ನಲು ಆ ಪತ್ರ ತನ್ನದೆನ್ನಬೇಕಿತ್ತು.

"ಇರಲಿ ಬಿಡಿ, ಹಾಗೇ," ಎಂದಳು. "ನಾನೇ ಕಳಿಸ್ತೀನಿ."

ಅವಳಿಗೆ ಕುರ್ಚಿ ಬಿಟ್ಟುಕೊಟ್ಟ ಮೇಷ್ಟ್ರು ಮೈದುನನಿಗೆ ಮುಂದಿನ ಪಾಠ ಶುರುಮಾಡಿದ: ಪತ್ರ ತೆರೆದವರಿಗೆ ನಾಲ್ಕನೇ ದಿನ ಇನ್ನೊಂದು, ತೆರೆಯದವರಿಗೆ ಬೇರೆ. ಅವಳು 'ಮರಳಿದವರು' ಪಟ್ಟಿ ತೆರೆದಳು. ಹದಿಮೂರನೆಯ ಸಾಲಿನ ಮುಂದಿನ ಚೌಕದಲ್ಲಿ ಗುರುತು ಹಾಕಿದಳು. 'ಎಲ್ಲಿಗೆ ಸೇರಿಸಬೇಕು?' ಎಂದು ಕೇಳಿತು. 'ಬಾರದವರು' ಎಂದು ಆರಿಸಿದಳು. ಕ್ಷಣಮಾತ್ರದಲ್ಲಿ ಸಾಲು ಮಾಯವಾಗಿ, ನಾನೂರ ಎಂಬತ್ತು ಇದ್ದದ್ದು ನಾನೂರ ಎಂಬತ್ತೊಂದಾಯಿತು. ಅಷ್ಟು ಸುಲಭವಾಗಿತ್ತು. ಟ್ರಂಕು ಬೇಕಾಗಲಿಲ್ಲ.

ಕಳಿಸುವ ಗುಂಡಿ ಒತ್ತಿದಳು.

"ಹೋಯ್ತಾ?" ಮೈದುನ ಅವಳ ಹೆಗಲ ಹಿಂದೆ ಬಂದು ಬಗ್ಗಿದ. "ಈಗೇನು ಮಾಡೋದು ಮೇಷ್ಟ್ರೇ?"

"ಕಾಯೋದು."

ಕಾದರು. ತೆರೆದವರು: ಸೊನ್ನೆ. ಅತ್ತೆ ಸೂಜಿಗೆ ಹೊಸ ದಾರ ಪೋಣಿಸಲು ಹೋಗಿ, ಆಗದೆ, ಮಡಿಲಲ್ಲಿ ಇಟ್ಟುಕೊಂಡರು. ಸೊನ್ನೆ. ಮೈದುನ ಉಗುರು ಕಚ್ಚಿದ. "ಜನ ಊಟಕ್ಕೆ ಕೂತಿರ್ತಾರೆ," ಎಂದ ಮೇಷ್ಟ್ರು.

ಅವಳ ಫೋನು ಸದ್ದಿಲ್ಲದೆ ನಡುಗಿತು. ಮೇಜಿನ ಕೆಳಗೆ ಹಿಡಿದು ನೋಡಿದಳು. ಗಂಡನ ವಿಳಾಸದಿಂದ. ಈ ಸಲ 'ನೀವು' ಎಂದೇ ಇತ್ತು. ಅವನು ಅವಳನ್ನು ಎಂದೂ ಹಾಗೆ ಕರೆದಿರಲಿಲ್ಲ. ಸಾಲುಗಳಲ್ಲಿ ಬೇರೇನೂ ಬದಲಾಗಿರಲಿಲ್ಲ. ಕೊನೆಯವರೆಗೆ ಓದಿದಳು. ಯಾರೋ ಅಪರಿಚಿತಳಿಗೆ ಬಂದ ಪತ್ರವನ್ನು ಓದುವಾಗಿನ ಮುಜುಗರವಾಯಿತು. ಆದರೂ 'ಬನ್ನಿ, ಸಾಕು' ಎಂಬಲ್ಲಿ, ಅವಳನ್ನು ಕೇಳದೆ, ಬೆರಳು ಪತ್ರವನ್ನು ಮತ್ತೆ ಮೊದಲ ಸಾಲಿಗೆ ಸರಿಸಿತು.

"ಅತ್ತಿಗೆ, ನೋಡಿ ನೋಡಿ. ಒಬ್ಬರು ತೆರೆದ್ರು."

"ಹೇಳಿರಲಿಲ್ವಾ?" ಮೇಷ್ಟ್ರು ಮೌಸನ್ನು ಕೈಗೆ ತೆಗೆದುಕೊಂಡ. "ಎಲ್ಲಿಂದ ತೆರೆದ್ರು ಅಂತಾನೂ ತೋರಿಸುತ್ತೆ, ಇರಿ."

ಭೂಪಟವೊಂದು ತೆರೆದುಕೊಂಡಿತು. ಊರುಗಳು, ನದಿಗಳು, ಹೆದ್ದಾರಿಗಳು, ಎಲ್ಲವೂ ಬೂದು ಬಣ್ಣ. ನಡುವೆ ಒಂದೇ ಒಂದು ಹಸಿರು ಚುಕ್ಕೆ. ಮೇಷ್ಟ್ರು ಅದನ್ನು ಹಿಗ್ಗಿಸುತ್ತ ಹೋದ. ಊರು ಬಂತು, ಬಡಾವಣೆ ಬಂತು, ಬೀದಿ ಬಂತು.

"ಇದು ನಮ್ಮ ಬೀದಿ ಅಲ್ವಾ?" ಎಂದ ಮೈದುನ. "ಹತ್ತಿರದವರೇ. ಹಾಗಾದ್ರೆ ಬಂದೇ ಬರ್ತಾರೆ."

ಅವನು ಮೆಟ್ಟಿಲಿಳಿದು ಅಂಗಡಿಯ ದೀಪಗಳನ್ನೆಲ್ಲ ಹಾಕಿದ ಸದ್ದು ಕೇಳಿಸಿತು. ಮೇಷ್ಟ್ರು ಇನ್ನೊಮ್ಮೆ ಹಿಗ್ಗಿಸಿದ. ಅದಕ್ಕಿಂತ ಹತ್ತಿರ ಹೋಗಲು ಭೂಪಟಕ್ಕೆ ಆಗಲಿಲ್ಲ. ಸುತ್ತಲಿನ ಬೂದು ಚೌಕಗಳ ನಡುವೆ, ಈ ಕಟ್ಟಡದ ಮೇಲೆಯೇ, ಚುಕ್ಕೆ ಆರುತ್ತಿತ್ತು, ಹೊತ್ತುತ್ತಿತ್ತು, ಒಳಗಿದ್ದೂ ಇನ್ನೂ ಬರಬೇಕಾದವರ ಹಾಗೆ.