ಬೂದಿರಾಯನ ದನಿ

ರಜನೀಶ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಸಿಟ್ಟು ಬಂದ ದಿನ “ಸರಿ. ನಿನ್ನಿಷ್ಟ” ಎಂದು ಮೆಲ್ಲಗೆ ಹೇಳಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದ. ಪ್ರತಿಭಾ ಮತ್ತು ಆರು ವರ್ಷದ ಮಗಳು ಇಂಚರ ಅವತ್ತು ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದರು. ಯಾರಿಗೆ ಹೇಳಿದರೂ ನಗುತ್ತಿದ್ದರು. “ಕುಡಿಯಲ್ಲ, ಒಡೆಯಲ್ಲ. ಇನ್ನೇನವ್ವ ಬೇಕು ನಿಂಗೆ?”

ಎರಡು ಸಲ ಅವಳು ಮಗಳನ್ನು ಕರೆದುಕೊಂಡು ಕೊರವಂಗಲದ ತವರಿಗೆ ಹೊರಟಿದ್ದಳು. ಎರಡು ಸಲವೂ ರಜನೀಶ ಹೊಳೆನರಸೀಪುರದ ಬಸ್ ಸ್ಟ್ಯಾಂಡಿಗೆ ಬಂದು ಇಂಚರಳ ಕೈ ಹಿಡಿದ. “ನೀನು ಹೋಗ್ಬೋದು. ಮಗು ಮನೇಲಿರ್ತದೆ” ಎಂದ. ಕೂಗಾಟವಿಲ್ಲದ ಜಗಳವನ್ನು ಬಿಡಿಸಲು ಯಾರೂ ಬರಲಿಲ್ಲ. ಅವಳು ಇಬ್ಬರ ಹಿಂದೆ ನಡೆದುಕೊಂಡು ಮನೆಗೆ ಬಂದಳು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಕೇಬಲ್ ಬಸವರಾಜು ಅವಳನ್ನು ಕೆಲಸಕ್ಕೆ ಕರೆದ. ಅವನು ರಜನೀಶನ ದೊಡ್ಡಪ್ಪನ ಮಗ, ಹಾಗಾಗಿ ರಜನೀಶ ಬೇಡವೆನ್ನಲಿಲ್ಲ. ತೆಂಗಿನಕಾಯಿ ಮಂಡಿಯ ಮೇಲಿನ ರೂಮಿನಿಂದ ಬಸವರಾಜು ಊರಿಗೆಲ್ಲ ಒಂದು ಲೋಕಲ್ ಚಾನೆಲ್ ಬಿಡುತ್ತಿದ್ದ. ಸಂಜೆ ಆರಕ್ಕೆ ಒಂದು ಇಂಗ್ಲಿಷ್ ಕಾರ್ಟೂನು. ಊರಿನ ಮಕ್ಕಳಿಗೆ ಇಂಗ್ಲಿಷ್ ಬಾರದು. ಕ್ಯಾಸೆಟ್ಟಿನ ಶಬ್ದ ಬಂದ್ ಮಾಡಿ, ಪ್ರತಿಭಾ ಮೈಕಿನ ಮುಂದೆ ಕೂತು, ಎಲ್ಲರ ಮಾತನ್ನೂ ಆಗಿಂದಾಗಲೇ ಕನ್ನಡದಲ್ಲಿ ಆಡಬೇಕು. ಬಿ.ಎ. ಮಾಡಿದ್ದರೂ ಆ ಇಂಗ್ಲಿಷ್ ಅವಳಿಗೂ ಹತ್ತುತ್ತಿರಲಿಲ್ಲ. ತುಟಿ ಅಲ್ಲಾಡಿದಷ್ಟು ಹೊತ್ತು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು.

ನಾಯಕನಿಗೆ ಅವಳೇ ಮಿಂಚಣ್ಣ ಎಂದು ಹೆಸರಿಟ್ಟಳು. ಹಾರಬಲ್ಲವನಾದರೂ ಹಗಲೆಲ್ಲ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ, ತಡವಾಗಿ ಬಂದು ಯಜಮಾನನಿಂದ ಬೈಸಿಕೊಳ್ಳುತ್ತಿದ್ದ, ಮನೆ ಮಾಲೀಕಳನ್ನು ಕಂಡರೆ ಅವಿತುಕೊಳ್ಳುತ್ತಿದ್ದ. ಖಳನಿಗೆ ಮೂಗು, ಕಣ್ಣು ಯಾವುದೂ ಇಲ್ಲ. ಬೂದು ಕೋಟು, ಬೂದು ಮುಖ, ಅದರಲ್ಲೊಂದು ಬಾಯಿ. ಅವನನ್ನು ಬೂದಿರಾಯ ಎಂದಳು. ಅವನು ಸೇತುವೆ ಬೀಳಿಸುತ್ತಿರಲಿಲ್ಲ, ಊರು ಸುಡುತ್ತಿರಲಿಲ್ಲ. ನಲ್ಲಿಯ ತಿರುಪು, ಬೀಗದ ಕೈ, ಮುದುಕಿಯ ಕನ್ನಡಕ, ಇಂಥವನ್ನು ಕದ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಊರು ತಾನಾಗಿ ನಿಂತುಹೋಗುತ್ತಿತ್ತು.

ಅವನ ಬಾಯಿ ಮೊದಲ ಸಲ ಅಲ್ಲಾಡಿದಾಗ ಪ್ರತಿಭಾಳ ಗಂಟಲಿನಿಂದ ತಾನಾಗಿ ಬಂದದ್ದು: “ಸರಿ. ನಿನ್ನಿಷ್ಟ.”

ಕಾರ್ಟೂನು ಮುಗಿದು ಮೈಕು ಬಂದಾದ ಮೇಲೆ ಬಸವರಾಜು ಬೀಡಿ ಆರಿಸಿ ಅವಳನ್ನೇ ನೋಡಿದ. “ಆ ದನಿ ಎಲ್ಲಿಂದ ತಂದ್ಯಮ್ಮ? ನಮ್ಮನೆ ಐಕ್ಲು ಚಡ್ಡೀಲೇ ಉಚ್ಚೆ ಉಯ್ಕೋತಾವೆ!”

“ಇಲ್ಲೇ ಎಲ್ಲೋ ಕೇಳಿದ್ದು ಬಾವ” ಎಂದಳು.

ಒಂದು ಸೋಮವಾರ ಬೂದಿರಾಯ ಒಬ್ಬ ಹುಡುಗಿಯ ಬೂಟು ಕದ್ದ. ಅವನ ತುಟಿ ಬಹಳ ಹೊತ್ತು ಅಲ್ಲಾಡಿತು. ಏನೂ ತೋಚದೆ ಪ್ರತಿಭಾ, “ಬರಿಗಾಲಲ್ಲಿ ನಡೆದ್ರೆ ನೆಲಕ್ಕೆ ನಿನ್ನ ಗುರುತು ಸಿಗ್ತದೆ” ಎಂದಳು. ಅರ್ಥವಿಲ್ಲದ ಮಾತು.

ಮಾರನೆಯ ಬೆಳಿಗ್ಗೆ ಇಂಚರಳ ಒಂದು ಚಪ್ಪಲಿ ಕಾಣಲಿಲ್ಲ. ರಜನೀಶ ಕಾಫಿ ಕುಡಿಯುತ್ತ ಹೇಳಿದ: “ಬರಿಗಾಲಲ್ಲಿ ನಡೆದ್ರೆ ನೆಲಕ್ಕೆ ನಿನ್ನ ಗುರುತು ಸಿಗ್ತದೆ.”

ಟೀವಿ ನೋಡಿ ಅಣಕಿಸುತ್ತಿದ್ದಾನೆ ಎಂದುಕೊಂಡಳು. ಆದರೆ ಗುರುವಾರ ಅವನು ಆಫೀಸು ಕೆಲಸದ ಮೇಲೆ ಅರಕಲಗೂಡಿಗೆ ಹೋಗಿದ್ದ. ಆರು ಗಂಟೆಗೆ ಬಸ್ಸಿನಲ್ಲಿದ್ದ. ಅವತ್ತು ಬೇಕೆಂದೇ ಬೂದಿರಾಯನಿಂದ “ಉಪ್ಪಿಗೂ ಬಾಯಾರಿಕೆ ಆಗ್ತದೆ” ಎನ್ನಿಸಿದಳು. ಶುಕ್ರವಾರ ಬೆಳಿಗ್ಗೆ ರಜನೀಶ ತಟ್ಟೆಯಿಂದ ತಲೆ ಎತ್ತಿದ. “ಉಪ್ಪಿಗೂ ಬಾಯಾರಿಕೆ ಆಗ್ತದೆ” ಎಂದ. ತಾನೇನು ಹೇಳಿದೆನೆಂದು ಅವನಿಗೇ ತಿಳಿದಂತಿರಲಿಲ್ಲ. ಮತ್ತೆ ಅನ್ನ ಕಲಸತೊಡಗಿದ.

ಪ್ರತಿಭಾಳಿಗೆ ಹೆದರಿಕೆಯಾಯಿತು. ಆಮೇಲೆ ಲೆಕ್ಕಾಚಾರ ಶುರುವಾಯಿತು. ಬೇಕಾದ ಮಾತು ಮೂರೇ: ಹೋಗು. ಮಗೂನ ಕರ್ಕೊಂಡು ಹೋಗು. ನಾನು ಹಿಂದೆ ಬರಲ್ಲ. ಬೂದಿರಾಯ ಅಷ್ಟು ಹೊತ್ತು ಬಾಯಿ ಆಡಿಸುವ ಜಾಗಕ್ಕಾಗಿ ಶನಿವಾರ ಮಧ್ಯಾಹ್ನ ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಹುಡುಕಿದಳು. ಕೊನೆಯಲ್ಲಿ ಸಿಕ್ಕಿತು. ಮಿಂಚಣ್ಣ ಬೇಕರಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ, ಬೂದಿರಾಯ ಬಾಗಿಲ ಬಳಿ ನಿಂತು ಮಾತಾಡುತ್ತಾನೆ.

ಸಂಜೆ ಆ ಜಾಗ ಬಂತು. ಬಾಯಿ ತೆರೆಯಿತು.

“ಹೋಗು” ಎಂದಳು ಪ್ರತಿಭಾ.

ಕರೆಂಟು ಹೋಯಿತು.

ಉಳಿದೆರಡು ಮಾತನ್ನೂ ಅವಳು ಸತ್ತ ಮೈಕಿಗೆ ಹೇಳಿ ಮುಗಿಸಿದಳು. “ಥೂ, ಈ ಕರೆಂಟಿನ್ ಮನೆ ಆಳಾಗ” ಎಂದು ಬಸವರಾಜು ಕಿಟಕಿ ತೆರೆದ. “ಯಾರ್ಗಮ್ಮ ಏಳ್ತಿದ್ದೀಯ? ಯಾರ್ಗೂ ಕೇಳಲ್ಲ, ನಡಿ ಮನೆಗೆ.”

ಭಾನುವಾರ ಬೆಳಿಗ್ಗೆ ಪ್ರತಿಭಾ ಬಟ್ಟೆಯ ಚೀಲ ತುಂಬಿ, ಇಂಚರಳ ಕೈ ಹಿಡಿದು ನಡುಮನೆಗೆ ಬಂದಳು. ರಜನೀಶ ಬಾಗಿಲ ಬಳಿ ನಿಂತಿದ್ದ.

“ಹೋಗು” ಎಂದ.

ಅಷ್ಟೇ. ಬಾಯಿ ತೆರೆದೇ ಇತ್ತು. ಕಣ್ಣು ಮಿಟುಕಲಿಲ್ಲ. ಹೊರಗೆ ಹಾಲಿನವನು ಸೈಕಲ್ ಗಂಟೆ ಬಾರಿಸಿ, ಕಾದು, ಮುಂದೆ ಹೋದ. ರಜನೀಶ ಹಾಗೇ ನಿಂತಿದ್ದ. ಅವನ ಒಂದು ಕೈ ಮಾತ್ರ ನಿಧಾನವಾಗಿ ಇಂಚರಳ ಕಡೆ ಬರುತ್ತಿತ್ತು.

“ಅಪ್ಪಂಗೆ ಏನಾಯ್ತಮ್ಮ?”

ಪ್ರತಿಭಾ ಗಂಡನ ತುಟಿಯನ್ನೇ ನೋಡಿದಳು, ದಿನಾ ಸಂಜೆ ಟೀವಿ ನೋಡಿದ ಹಾಗೆ. ದನಿಯನ್ನು ಕೆಳಗಿಳಿಸಿ ಹೇಳಿದಳು: “ಮಗೂನ ಕರ್ಕೊಂಡು ಹೋಗು. ನಾನು ಹಿಂದೆ ಬರಲ್ಲ.”

ಅವಳ ಒಂದೊಂದು ಅಕ್ಷರಕ್ಕೂ ರಜನೀಶನ ತುಟಿ ಸರಿಯಾಗಿ ಅಲ್ಲಾಡಿತು. ಕೈ ಕೆಳಗೆ ಬಿತ್ತು. ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಹಾಸನದ ಬಸ್ಸು ಹೊಳೆ ದಾಟುವವರೆಗೂ ಅವಳು ಹಿಂದಿನ ಗಾಜಿನ ಕಡೆಗೇ ನೋಡುತ್ತಿದ್ದಳು. ಯಾರೂ ಬರಲಿಲ್ಲ. ಅಮ್ಮ ಬಸವಲಿಂಗಮ್ಮನಿಗೆ ಏನು ಹೇಳಬೇಕೆಂದು ಯೋಚಿಸತೊಡಗಿದಳು.

ಇಂಚರ ಸೆರಗು ಜಗ್ಗಿದಳು. “ಅಮ್ಮ, ನಾನು ಕಿಟಕಿ ಹತ್ರ ಕೂತ್ಕೊತೀನಿ.”

“ಸರಿ” ಎಂದಳು ಪ್ರತಿಭಾ. “ನಿನ್ನಿಷ್ಟ.”

ಮೆಲ್ಲನೆಯ ದನಿ. ಅವಳು ತಂದದ್ದಲ್ಲ, ತಾನಾಗಿ ಬಂದದ್ದು.

ಇಂಚರ ಸೆರಗು ಬಿಟ್ಟಳು. ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಚಪ್ಪಲಿಗಳನ್ನು ಬಿಚ್ಚಿ ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಳು. ಹಾಸನ ಬರುವವರೆಗೂ ಪ್ರತಿಭಾ ಬಾಯಿ ತೆರೆಯಲಿಲ್ಲ.