ಕ್ಲೆಮ್‌ನ ಬಟ್ಟೆ ಬೆಲ್ಟು

ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ನಿನಲ್ಲಿ ಕಡಲಲ್ಲಿ ಮುಳುಗಿ ಅಬಲೋನ್ ಚಿಪ್ಪು ಕೀಳುವವರ ಪೈಕಿ ಕ್ಲೆಮ್ ಟ್ರೆಗಿಲ್ಗಸ್‌ನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅವನು ನೀರಿಗಿಳಿದರೆ ಶಾರ್ಕುಗಳು ಸರಿದು ದಾರಿ ಬಿಡುತ್ತಿದ್ದವು. ಅವನ ವಾಚು ಮಾರಿದರೆ ಅರ್ಧ ಊರನ್ನೇ ಕೊಳ್ಳಬಹುದಿತ್ತು. ಅಂಥ ವಾಚಿನ ಸ್ಟೀಲ್ ಚೈನು ಕಿತ್ತುಹಾಕಿ, ಮಾಸಿದ ಬಟ್ಟೆ ಬೆಲ್ಟು ಕಟ್ಟಿಕೊಂಡಿದ್ದ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳುತ್ತಿದ್ದ. ನಿಜ ಇಷ್ಟೇ: ಮೂವತ್ತು ವರ್ಷ ಆಳದಿಂದ ಅವಸರವಾಗಿ ಮೇಲೆ ಬಂದು ಬಂದು ಮುಳುಗುಗಾರರ ರೋಗ ಹತ್ತಿ ಬಲ ಭುಜದ ಮೂಳೆ ಸತ್ತಿತ್ತು, ಆ ಕೈಯ ಬೆರಳಿಗೆ ಚೈನಿನ ಕೊಂಡಿ ಅದುಮುವ ಕಸುವೂ ಉಳಿದಿರಲಿಲ್ಲ.

ಆ ಬೆಳಿಗ್ಗೆ ದೋಣಿಯ ಹೊಸ ಮಾಲೀಕ ರಾಯ್ಸ್ ಅಡಿಲೇಡ್‌ನಿಂದ ಬಂದಿದ್ದ, ಈ ಸೀಸನ್ನಿಗೆ ಒಬ್ಬ ಮುಳುಗುಗಾರನನ್ನು ಆರಿಸಲು. ಅವನು ಸಹಿ ಹಾಕುವವರೆಗೆ ಕೈಯ ಗುಟ್ಟು ಬಚ್ಚಿಟ್ಟರೆ ಸಾಕಿತ್ತು ಕ್ಲೆಮ್‌ಗೆ.

"ಏನ್ ಸ್ಟೈಲ್ ಗುರೂ! ಇಷ್ಟು ದುಬಾರಿ ವಾಚಿಗೆ ಚಿಂದಿ ಬಟ್ಟೆ! ನಮ್ಮೂರಲ್ಲೀಗ ಇದೇ ಫ್ಯಾಷನ್ನು," ಅಂದ ರಾಯ್ಸ್.

"ಚೈನು ದಡದ ಮೇಲೆ ಕೂತೋರಿಗೆ ಕಣೋ ರಾಯ್ಸ್. ಶಾರ್ಕು ಬಾಯಿ ಹಾಕಿದ್ರೆ ಚೈನು ಕಿತ್ಹೋಗತ್ತೆ. ಬಟ್ಟೆ ಅದರ ಹಲ್ಲಿಗೆ ಸಿಕ್ಕೊಳತ್ತೆ, ವಾಚು ವಾಪಸ್ ಬರತ್ತೆ."

"ಕೈ ವಾಪಸ್ ಬರತ್ತೇನೋ ಸುಳ್ಬುರುಕಾ?" ಅಂದ ದೋಣಿ ನಡೆಸುವ ಮರ್ವಿನ್.

ರಾಯ್ಸ್ ಹೊಟ್ಟೆ ಹಿಡಿದು ನಕ್ಕು ಕರಾರುಪತ್ರ ತೆಗೆದ. "ಈ ಸೀಸನ್ ನಿಂದೇ. ಆದ್ರೆ ಮೊದಲು ಅದನ್ನ ಬಿಚ್ಕೊಡು, ನನ್ ಕೈಗೆ ಹೇಗೆ ಕಾಣತ್ತೆ ನೋಡ್ತೀನಿ."

ಕಟ್ಟಿ ನೋಡಿ ಹಿಂದಿರುಗಿಸಿದ. ಗೆದ್ದ ಖುಷಿಯಲ್ಲಿದ್ದ ಕ್ಲೆಮ್ ಮೈಮರೆತು, ಬೆಲ್ಟಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯಾಗಿ ಎಳೆದ.

ಸಹಿ ಹಾಕಲು ಹೊರಟಿದ್ದ ರಾಯ್ಸ್‌ನ ಪೆನ್ನು ನಿಂತಿತು. "ನಮ್ ಚಿಕ್ಕಪ್ಪನೂ ಮುಳುಗೋನೇ. ಕೊನೆಕೊನೆಗೆ ಅಂಗಿ ಗುಂಡೀನೂ ಹಲ್ಲಲ್ಲೇ ಹಾಕ್ಕೋತಿದ್ದ. ಬಲಗೈ ಎತ್ತು ಕ್ಲೆಮ್."

"ಚಳಿ ಕಣೋ ಇವತ್ತು…"

"ಎತ್ತು."

ಕೈ ಎದೆವರೆಗೆ ಬಂತು. ಅಲ್ಲಿಂದ ಮೇಲಕ್ಕೆ, ಊರೆಲ್ಲ ಸೇರಿ ಹಗ್ಗ ಕಟ್ಟಿ ಎಳೆದರೂ ಬರುತ್ತಿರಲಿಲ್ಲ. ರಾಯ್ಸ್ ಕಾಗದವನ್ನು ಮಡಚಿ ಜೇಬಿಗಿಟ್ಟ.

ಮಧ್ಯಾಹ್ನ ಪಬ್ಬಿನಲ್ಲಿ ಕ್ಲೆಮ್ ಬಿಯರಿನ ಗ್ಲಾಸು ಕುಟ್ಟಿ ಸಾರಿದ: "ಕಾಲಿಗೆ ಬಿದ್ದ ಕಣ್ರೋ ಆ ರಾಯ್ಸ್! ನಾನೇ ಕೆಲಸ ಬೇಡ ಅಂತ ಒದ್ದು ಬಂದೆ!"

ಇಪ್ಪತ್ತು ವರ್ಷದಿಂದ ಅವನ ಒಂದೊಂದು ಮಾತಿಗೂ ಸುಳ್ಬುರುಕಾ ಎಂದು ಕೂಗುತ್ತಿದ್ದ ಮರ್ವಿನ್ ತಲೆ ತಗ್ಗಿಸಿ ಹೇಳಿದ: "ಒಳ್ಳೇದು ಮಾಡ್ದೆ ಕಣೋ."

ಉಳಿದವರೂ ಹೌದೆಂದರು. ಒಬ್ಬನೂ ನಗಲಿಲ್ಲ.